ಮಾಲೆ ತೆಗೆದ ಮೇಲೆ

ಏಳು ಸಲ ಶಬರಿಮಲೆಗೆ ಹೋಗಿದ್ದೇನೆ. ಏಳು ಸಲವೂ ಮಾಲೆ ಹಾಕಿದ 41 ದಿನ ಒಂದು ತೊಟ್ಟೂ ಮುಟ್ಟಿಲ್ಲ, ಏಳು ಸಲವೂ ಮನೆಗೆ ಬಂದು ಮಾಲೆ ತೆಗೆದ ರಾತ್ರಿಯೇ ಕುಡಿದಿದ್ದೇನೆ. ಹೆಂಡತಿ ಪ್ರಸಾದದ ಡಬ್ಬಿ ಬಿಚ್ಚುವಷ್ಟರಲ್ಲಿ ನಾನು ಬೈಕ್ ಸ್ಟಾರ್ಟ್ ಮಾಡಿರುತ್ತಿದ್ದೆ. ಬೇಕೆಂದಾಗ ಬಿಡ್ತೀನಿ, ನೋಡಿಲ್ವಾ ನೀನು, ಅಂತ ಜಂಬ ಬೇರೆ.

ನಮ್ಮದು ತೀರ್ಥಹಳ್ಳಿ ಕಡೆ, ಸ್ವಲ್ಪ ಅಡಿಕೆ ತೋಟ. ಇಲ್ಲಿ ಎಣ್ಣೆ ಹಾಕೋಕೆ ಕಾರಣ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆದು, ಮೈಯೆಲ್ಲ ಮೈಲುತುತ್ತದ ನೀಲಿ ಮಾಡಿಕೊಂಡು ಬಂದರೆ ಚಳಿಗೆ ಒಂದು, ಅಡಿಕೆ ಕೊನೆ ತೆಗೆದ ದಿನ ಸುಸ್ತಿಗೆ ಒಂದು, ಮದುವೆಯ ಹಿಂದಿನ ರಾತ್ರಿ, ದೀಪಾವಳಿ, ಎಳ್ಳಮಾವಾಸ್ಯೆ ಜಾತ್ರೆ, ಸಾವಿನ ಮನೆಯ ಹಿತ್ತಲಲ್ಲೂ ಒಂದು. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಂತು, ಅಷ್ಟೇ.

2022ರ ನವೆಂಬರಿನಲ್ಲಿ ಎಂಟನೇ ಸಲ ಮಾಲೆ ಹಾಕಿದೆ. ಆ ಹೊತ್ತಿಗೆ ದಿನಕ್ಕೆ ಎರಡು ಕ್ವಾರ್ಟರ್, ಬೆಳಿಗ್ಗೆ ಕೈ ನಡುಗದಿರಲಿ ಅಂತ ಇನ್ನೊಂದು ನೈಂಟಿ. ಎರಡನೇ ದಿನ ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದೆ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ಸ್ವಲ್ಪ ತಿರುಗಿಸಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ, ಚಿಕ್ಕಂದಿನಿಂದ ಮಾಡಿದ ಕೆಲಸ, ಮಾತಾಡುತ್ತಲೇ ಡಬ್ಬ ತುಂಬಿಸುತ್ತೇವೆ. ಆವತ್ತು ಅಡಿಕೆ ಕತ್ತಿಯ ಮೇಲೆ ಕೂರುತ್ತಲೇ ಇಲ್ಲ. ಹೆಬ್ಬೆರಳಿನ ಪಕ್ಕ ಎರಡು ಗೀರು ಬಿತ್ತು. ಆ ಚಳಿಯಲ್ಲೂ ಬೆನ್ನೆಲ್ಲ ಬೆವರು. ಆಮೇಲಿನದು ಬೇರೆಯವರು ಹೇಳಿದ್ದು: ಪಕ್ಕಕ್ಕೆ ವಾಲಿದೆನಂತೆ, ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತಂತೆ. ಕತ್ತಿಯ ಕಡೆ ಬೀಳಲಿಲ್ಲ, ಅದೊಂದು ಪುಣ್ಯ.

ವ್ರತದಲ್ಲಿ ಏನೋ ತಪ್ಪಾಗಿದೆ ಅಂತ ಒಬ್ಬರು, ಕೈಗೆ ಕಬ್ಬಿಣ ಕೊಡಿ ಅಂತ ಇನ್ನೊಬ್ಬರು. ಆಸ್ಪತ್ರೆಯಲ್ಲಿ ಡಾಕ್ಟರ್ ಕೊರಳಿನ ಮಾಲೆ ನೋಡಿ, ಕಪ್ಪು ಪಂಚೆ ನೋಡಿ, ಒಂದೇ ಪ್ರಶ್ನೆ ಕೇಳಿದರು. "ಸ್ವಾಮಿ, ಕೊನೇ ಸಲ ಕುಡಿದದ್ದು ಯಾವಾಗ?"

ವರ್ಷಗಟ್ಟಲೆ ದಿನಾ ಕುಡಿದರೆ ಮೆದುಳು ಆ ಮಂಪರಿಗೆ ಒಗ್ಗಿಹೋಗಿರುತ್ತದೆ, ಒಮ್ಮೆಗೇ ನಿಲ್ಲಿಸಿದರೆ ಅದು ಕೆರಳುತ್ತದೆ. ನಡುಕ, ಬೆವರು, ನಿದ್ದೆ ಇಲ್ಲ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಅದಾದ ಮೇಲೆ ಕೆಲವರಿಗೆ ಗೋಡೆ ಮೇಲೆ ಇಲ್ಲದ ಹುಳ ಕಾಣಿಸುತ್ತದೆ, ಎಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ, ಜೀವಕ್ಕೇ ಅಪಾಯ. ಹಾಗಾಗಿ ದಿನಾ ಕುಡಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಾಳೆ ಬೆಳಿಗ್ಗೆ ಛಲದ ಮೇಲೆ ನಿಲ್ಲಿಸಬೇಡಿ, ಮೊದಲು ಆಸ್ಪತ್ರೆಗೆ ಹೋಗಿ. ನನಗೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು, ಮಾತ್ರೆ ಶುರು ಮಾಡಿ ದಿನ ದಿನ ಕಡಿಮೆ ಮಾಡುತ್ತಾ ಬಂದರು. ಮೈ ಒಂದು ವಾರದಲ್ಲಿ ಹತೋಟಿಗೆ ಬಂತು. ಆ ವರ್ಷ ಬೆಟ್ಟಕ್ಕೆ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಮಲಗಿ ಯೋಚನೆ ಮಾಡಿದ್ದು ಮಾಲೆಯ ಬಗ್ಗೆಯೇ. ಅಡಿಕೆ ಕೊಯ್ಲು ನಡೆಯುವುದೂ ಅದೇ ತಿಂಗಳು, ಸುತ್ತ ಎಲ್ಲರೂ ಕುಡಿಯುತ್ತಿರುತ್ತಾರೆ, ಆದರೂ ಏಳು ವರ್ಷ ಹೇಗೆ ತಡೆದೆ? ಭಕ್ತಿ ಇತ್ತು, ಇಲ್ಲ ಅನ್ನಲ್ಲ. ಆದರೆ ಅದಕ್ಕಿಂತ ಜಾಸ್ತಿ, ಮಾಲೆ ನೋಡಿದರೆ ಯಾರೂ ಗ್ಲಾಸ್ ಚಾಚುವುದಿಲ್ಲ. ಒತ್ತಾಯ ಮಾಡಿದರೆ ಅವರಿಗೇ ಪಾಪ. ಅದೇ ಕೊರಳು ಖಾಲಿ ಇದ್ದಾಗ "ಬೇಡ" ಅಂದರೆ, "ಎಂಥ ಮಾರಾಯ, ದೊಡ್ಡ ಮನುಷ್ಯ ಆಗಿಬಿಟ್ಯಾ?"

ಹಾಗಾಗಿ ಮಾಲೆಯ ಬದಲು ಬೇರೆ ನೆಪ ಇಟ್ಟುಕೊಂಡೆ. ಮೊದಲು ಮಾತ್ರೆ: "ಫಿಟ್ಸ್ ಮಾತ್ರೆ ನಡೀತಿದೆ." ಇದು ಸುಳ್ಳಲ್ಲ, ಮೂರು ತಿಂಗಳು ಓಡಿತು. ಆಮೇಲೆ ಜೀಪು. ಎಲ್ಲಿಗೆ ಹೋದರೂ ಓಡಿಸುವವನು ನಾನೇ. ಕುಡಿದು ಸಿಕ್ಕಿಬಿದ್ದರೆ 10,000 ದಂಡ, ಜೈಲೂ ಆಗಬಹುದು ಅಂದರೆ ಎಲ್ಲರೂ ತೆಪ್ಪಗಾಗುತ್ತಾರೆ, ಪುಕ್ಕಟೆ ಡ್ರೈವರ್ ಬೇಡ ಅನ್ನುವವರು ಯಾರು. ಕೈ ಖಾಲಿ ಬಿಡುತ್ತಿರಲಿಲ್ಲ, ಒಂದು ಲೋಟ ಜೀರಿಗೆ ಕಷಾಯವೋ ಮುರುಗಲು ಶರಬತ್ತೋ ಹಿಡಿದೇ ಕೂರುತ್ತಿದ್ದೆ. ಒಂಬತ್ತು ಗಂಟೆಯ ಮೇಲೆ ಅವರ ಮಾತು ಕೇಳುವುದು ಭಾರೀ ಬೇಜಾರು. ಒಂದೇ ಕಥೆ ನಾಲ್ಕು ಸಲ. ನಾನೂ ಹೀಗೇ ಇದ್ದೆನಾ ಅಂತ ನಾಚಿಕೆ ಆಗುತ್ತಿತ್ತು.

ಕೆಲಸದವರಿಗೆ ಸಂಜೆ ಕ್ವಾರ್ಟರ್ ತಂದುಕೊಡುವ ಪದ್ಧತಿ ನಿಲ್ಲಿಸಿದ್ದು ಇನ್ನೂ ಕಷ್ಟದ ವಿಷಯ. ಅಷ್ಟೇ ದುಡ್ಡನ್ನು ಕೂಲಿಗೆ ಸೇರಿಸಿ ಕೈಗೆ ಕೊಟ್ಟೆ. ಒಬ್ಬ ಕೊನೆಗಾರ ಬೇಸರ ಮಾಡಿಕೊಂಡು ಬೇರೆ ತೋಟಕ್ಕೆ ಹೋದ. ಅವನಷ್ಟು ಚೆನ್ನಾಗಿ ಕೊನೆ ತೆಗೆಯುವವರು ಇವತ್ತಿಗೂ ಸಿಕ್ಕಿಲ್ಲ.

ಸೋತಿದ್ದೂ ಇದೆ. 2023ರ ಜುಲೈ, ಪುನರ್ವಸು ಮಳೆ, ಮೂರು ದಿನದಿಂದ ಕರೆಂಟಿಲ್ಲ. ಚಳಿಗೆ ಒಂದು ಅಂದುಕೊಂಡು ಶುರು ಮಾಡಿದ್ದು ಐದು ದಿನ ನಡೆಯಿತು. (ಕುಡಿದರೆ ಬಿಸಿ ಅನ್ನಿಸುವುದು ರಕ್ತ ಚರ್ಮದ ಕಡೆ ನುಗ್ಗುವುದರಿಂದ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ಚಳಿಗೆ ಅಂತ ಕುಡಿದಿದ್ದು ಪೂರಾ ಉಲ್ಟಾ.) ಹೆಂಡತಿ ಕೂಗಾಡಲಿಲ್ಲ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದಳು, ಕನ್ನಡದಲ್ಲೇ ಮಾತಾಡಿದರು, ತಾನೇ ನಿಲ್ಲಿಸೋಕೆ ಬಿಡಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಅಂದರು. ಹೋದೆ. ಆಮೇಲೆ ಇವತ್ತಿನವರೆಗೆ ಇಲ್ಲ. ಈಗ ನೆಪವನ್ನೂ ಹೇಳುವುದಿಲ್ಲ, "ನಾನು ಕುಡಿಯಲ್ಲ" ಅಂತೀನಿ, ಹೆಚ್ಚಿನವರು ಕೇಳುವುದನ್ನೇ ಬಿಟ್ಟಿದ್ದಾರೆ. ಕೆಲವರು ಕರೆಯುವುದನ್ನೇ ಬಿಟ್ಟಿದ್ದಾರೆ, ಅದೂ ಇದೆ.

ಈ ಸಲದ ಕೊಯ್ಲಿಗೆ ಹೆಂಡತಿಯ ಅಣ್ಣ ಬಂದಿದ್ದರು. ಹಿಂದಿನ ದಿನವಷ್ಟೇ ಮಾಲೆ ಹಾಕಿದ್ದರು. ಸಂಜೆ ನನ್ನ ಎದುರಿನ ಮೆಟ್ಟುಗತ್ತಿಯಲ್ಲಿ ಕೂತು ಸುಲಿಯುತ್ತಿದ್ದರು, ನಗುತ್ತಾ ಮಾತಾಡುತ್ತಿದ್ದರು, ಆದರೆ ಅಡಿಕೆ ಎರಡು ಸಲ ಜಾರಿ ಅಂಗಳಕ್ಕೆ ಉರುಳಿತು. ಕೈ ನೋಡಿದೆ. ಹಣೆ ನೋಡಿದೆ, ಬೆವರು.

"ಸ್ವಾಮಿ, ಕೊನೇ ಸಲ ತಗೊಂಡಿದ್ದು ಯಾವಾಗ?"

"ಮೊನ್ನೆ ರಾತ್ರಿ ಭಾವ. ಯಾಕೆ?"

ಡಬ್ಬ ಪಕ್ಕಕ್ಕಿಟ್ಟು ಜೀಪಿನ ಕೀ ತರೋಕೆ ಒಳಗೆ ಹೋದೆ.