ಸರಿಸಮ ಎದುರಾಳಿಯ ಜೊತೆ ಟೆನಿಸ್: ನನ್ನ ಅನುಭವ

ನಮಗಿಂತ ಚೆನ್ನಾಗಿ ಆಡುವವರ ಜೊತೆ ಆಡಿದರೇನೇ ಟೆನಿಸ್ ಬರೋದು ಅಂತ ತುಂಬಾ ಜನ ಹೇಳುತ್ತಾರೆ. ನಾನು ಜಾಸ್ತಿ ಕಲಿತದ್ದು ನನ್ನಷ್ಟೇ ಆಡುವ ಒಬ್ಬರಿಂದ. ದೊಡ್ಡ ಆಟಗಾರರ ಎದುರು 6-1ರಲ್ಲಿ ಸೋತರೆ ಎಲ್ಲಿ ಸೋತೆವು ಅಂತಲೇ ತಿಳಿಯುವುದಿಲ್ಲ. ಸರಿಸಮ ಆಟದಲ್ಲಿ ಗೇಮುಗಳು 4-4, ಆಡುತ್ತಿರುವ ಗೇಮು 30-30 ಇದ್ದಾಗ ಕಳೆದುಕೊಂಡ ಪಾಯಿಂಟು ಇಡೀ ದಿನ ತಲೆಯಲ್ಲಿ ಕೂತಿರುತ್ತದೆ.

ನಾವು ಆಡುವುದು ಬೆಂಗಳೂರಿನಲ್ಲಿ, ಭಾನುವಾರ ಬೆಳಿಗ್ಗೆ, ಮಣ್ಣಿನ ಕೋರ್ಟಿನಲ್ಲಿ. ಅವರು ಮಂಗಳೂರಿನಲ್ಲಿ ಆಡಿ ಬೆಳೆದವರು, ನನಗಿಂತ ಸ್ವಲ್ಪ ದೊಡ್ಡವರು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು, ಚೆಂಡು ಬೇಗ ಓಡುತ್ತದೆ. ಶುರುವಿನಲ್ಲಿ ಅವರ ಹೊಡೆತಗಳು ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ದಾಟುತ್ತಿದ್ದವು. ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುತ್ತಾ ಬೇಗ ಕೆಳಗಿಳಿಯುವ ಹೊಡೆತ) ಜಾಸ್ತಿ ಮಾಡಿಕೊಂಡ ಮೇಲೆ ನನಗೆ ಕಷ್ಟ ಶುರುವಾಯಿತು.

ಯಾಕೆಂದರೆ ಅವರದು ಎಡಗೈ, ನನ್ನದು ಬಲಗೈ. ಅವರ ಫೋರ್‌ಹ್ಯಾಂಡ್ ಕ್ರಾಸ್‌ಕೋರ್ಟ್ (ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹೊಡೆದದ್ದು) ನೇರವಾಗಿ ನನ್ನ ಬ್ಯಾಕ್‌ಹ್ಯಾಂಡಿಗೆ ಬರುತ್ತದೆ, ನನ್ನದು ಅವರ ಬ್ಯಾಕ್‌ಹ್ಯಾಂಡಿಗೆ ಹೋಗುತ್ತದೆ. ಯಾರು ಮೊದಲು ಫೋರ್‌ಹ್ಯಾಂಡಿನಿಂದ ಆಟ ಹಿಡಿಯುತ್ತಾರೋ ಅವರದ್ದೇ ಮೇಲುಗೈ. ಇನ್ನೊಂದು ತೊಂದರೆ ಅವರ ಸ್ಲೈಸ್ (ಚೆಂಡನ್ನು ಸವರಿದಂತೆ ಹೊಡೆಯುವ) ಸರ್ವ್. ಅಡ್ವಾಂಟೇಜ್ ಕಡೆಯಿಂದ, ಅಂದರೆ ಅವರ ಎಡ ಅರ್ಧದಿಂದ, ಹಾಕಿದರೆ ಚೆಂಡು ಬಾಗುತ್ತಾ ನನ್ನನ್ನು ಕೋರ್ಟಿನಿಂದ ಆಚೆ ಎಳೆದುಬಿಡುತ್ತದೆ. 40-30, 30-40, ಅಡ್ವಾಂಟೇಜ್, ಗೇಮ್ ತೀರ್ಮಾನಿಸುವ ಈ ಪಾಯಿಂಟುಗಳೆಲ್ಲ ಆಡುವುದು ಅದೇ ಕಡೆಯಿಂದ ಅಲ್ವಾ?

ನಾನು ಮಾಡಿದ ಬದಲಾವಣೆ ಚಿಕ್ಕದು. ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಮುಂದಕ್ಕೆ ನಿಂತೆ. ಚೆಂಡು ಪೂರ್ತಿ ಆಚೆ ಹೋಗುವ ಮೊದಲೇ ಸಿಗುತ್ತದೆ. ಅದನ್ನು ಮೂಲೆಗೆ ಹೊಡೆಯಲು ಹೋಗದೆ ಕೋರ್ಟಿನ ನಡುವೆ, ಬೇಸ್‌ಲೈನ್ ಹತ್ತಿರ ಬೀಳಿಸುತ್ತೇನೆ. ನಡುವಿನಿಂದ ಅವರಿಗೆ ದೊಡ್ಡ ಕೋನ ಸಿಗುವುದಿಲ್ಲ, ನನಗೆ ವಾಪಸ್ ಬರಲು ಸಮಯ ಸಿಗುತ್ತದೆ.

ರ್‍ಯಾಲಿಯಲ್ಲಿ ಲೈನ್ ಪಕ್ಕ ನೇರ ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ. ನೆಟ್ ನಡುವೆ 3 ಅಡಿ ಎತ್ತರ, ಕಂಬದ ಹತ್ತಿರ ಮೂರೂವರೆ ಅಡಿ; ನೇರ ಹೊಡೆತ ಆ ಎತ್ತರದ ಕಡೆಯನ್ನೇ ದಾಟಬೇಕು. ನೇರ ಹೊಡೆತಕ್ಕೆ 78 ಅಡಿ ಉದ್ದ ಸಿಗುತ್ತದೆ, ಮೂಲೆಯಿಂದ ಮೂಲೆಗೆ 82 ಅಡಿಗೂ ಹೆಚ್ಚು. ಹಾಗಾಗಿ ಚೆಂಡು ಗಿಡ್ಡವಾಗಿ ಬಿದ್ದು, ನಾನು ಬೇಸ್‌ಲೈನಿನ ಒಳಗಿದ್ದಾಗ ಮಾತ್ರ ನೇರ ಹೊಡೆಯುತ್ತೇನೆ. ಉಳಿದದ್ದೆಲ್ಲ ಕ್ರಾಸ್‌ಕೋರ್ಟ್. ನೋಡುವವರಿಗೆ ಬೇಜಾರಾಗಬಹುದು, ಆದರೆ ಗೇಮುಗಳು ಬರುತ್ತವೆ.

ಇಷ್ಟು ಬಿಗಿಯಾದ ಆಟಕ್ಕೆ ಅಂಪೈರ್ ಇಲ್ಲ. ನಮ್ಮ ನಮ್ಮ ಕಡೆಯ ಲೈನ್ ನಾವೇ ಹೇಳಬೇಕು. ಅನುಮಾನ ಬಂದರೆ ಚೆಂಡು ಒಳಗೆ ಅಂತಲೇ ಲೆಕ್ಕ. ಮಣ್ಣಿನಲ್ಲಿ ಗುರುತು ಉಳಿಯುವುದರಿಂದ ಹೋಗಿ ನೋಡಬಹುದು. ಒಮ್ಮೆ ಸೆಟ್ ತೀರ್ಮಾನಿಸುವ ಟೈಬ್ರೇಕಿನಲ್ಲಿ ನಾನು 6-5 ಮುಂದಿದ್ದಾಗ ನನ್ನ ಸರ್ವ್ ಔಟ್ ಅಂದರು. ಆಮೇಲೆ ತಾವೇ ಬಗ್ಗಿ ನೋಡಿ, "ಇಲ್ಲ ಮಾರಾಯ್ರೇ, ಲೈನಿಗೆ ತಾಗಿದೆ. ಸೆಟ್ಟು ನಿಮ್ದೇ" ಅಂದರು. ಅವರಿಗೆ ಆ ಸರ್ವ್ ಮುಟ್ಟಲು ಆಗಿರಲಿಲ್ಲ, ಆದರೂ ಹೇಳಿದರು. ಹೊಡೆತ ಎಷ್ಟೇ ಚೆನ್ನಾಗಿರಲಿ, ಲೈನ್ ವಿಷಯದಲ್ಲಿ ಸುಳ್ಳು ಹೇಳುವವರ ಜೊತೆ ನಾನು ಎರಡನೇ ಸಲ ಆಡುವುದಿಲ್ಲ.

ಆಟ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಒಬ್ಬರಿಗೊಬ್ಬರು ಎಲ್ಲಾ ಬಿಚ್ಚಿ ಹೇಳುತ್ತೇವೆ. ನನ್ನ ಸೆಕೆಂಡ್ ಸರ್ವ್ ಯಾವ ಕಡೆ ಬರುತ್ತದೆ ಅಂತ ಚೆಂಡು ಎಸೆಯುವಾಗಲೇ ಗೊತ್ತಾಗುತ್ತದೆ ಅಂತ ಅವರೇ ತಿಳಿಸಿದ್ದು. ಮುಂದಿನ ವಾರಕ್ಕೆ ಅದನ್ನು ಸರಿಮಾಡಿಕೊಂಡು ಹೋದೆ, ಅವರು ಲಾಬ್ (ಎದುರಾಳಿಯ ತಲೆ ಮೇಲಿಂದ ಎತ್ತಿ ಹೊಡೆಯುವುದು) ಕಲಿತು ಬಂದಿದ್ದರು.

ಮಳೆಗಾಲದಲ್ಲಿ ಮಣ್ಣಿನ ಕೋರ್ಟ್ ಒದ್ದೆಯಾಗಿ ಮುಚ್ಚುತ್ತದೆ, ಆಗ ನಾವು ಹಾರ್ಡ್ ಕೋರ್ಟಿಗೆ ಹೋಗುತ್ತೇವೆ. ಅಲ್ಲಿ ಅವರ ಸ್ಲೈಸ್ ಮೊಣಕಾಲಿಗಿಂತ ಕೆಳಗೆ ಜಾರಿಕೊಂಡು ಬರುತ್ತದೆ. ಈಗ ವಾರದ ಮಧ್ಯೆ ಮಾರ್ಕರ್ (ಅಭ್ಯಾಸಕ್ಕೆ ಚೆಂಡು ಹೊಡೆದುಕೊಡುವವರು) ಹತ್ತಿರ ಬರೀ ಅಂಥ ತಗ್ಗಿನ ಚೆಂಡುಗಳನ್ನೇ ಹಾಕಿಸಿಕೊಂಡು, ಮೊಣಕಾಲು ಬಗ್ಗಿಸಿ ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.