ಒತ್ತಿದರೆ ಓಡುತ್ತದೆ, ಸಡಿಲ ಬಿಟ್ಟರೆ ಜಗ್ಗುತ್ತದೆ: ನನ್ನ ಎಂಜಿಬಿಯ ಇಗ್ನಿಷನ್ ತೊಂದರೆ

ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ ಅಚ್ಚುಕಟ್ಟು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಗುಡ್ಡವನ್ನೂ ಸಲೀಸಾಗಿ ಹತ್ತುತ್ತದೆ. ಆದರೆ 50 ಮೈಲಿ ವೇಗದಲ್ಲಿ, ಸಮತಟ್ಟು ರಸ್ತೆಯಲ್ಲಿ, ಪೆಡಲ್ ಮೇಲೆ ಕಾಲು ಹಗುರಾಗಿ ಇಟ್ಟುಕೊಂಡು ಹೋಗುವಾಗ ಜಗ್ಗಲು ಶುರು. ಒಂದೆರಡು ಸಲ ಎಂಜಿನ್ ಕ್ಷಣಕಾಲ ಪೂರ್ತಿ ಸತ್ತೇಹೋಗಿ ಮತ್ತೆ ಎದ್ದಿತ್ತು. ಎ-34ರಂಥ ಹೆದ್ದಾರಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಹಾಗಾದರೆ ಎದೆ ಝಲ್ಲೆನ್ನುತ್ತದೆ.

ಗಾಡಿ 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟಿಷ್ ಎಂಜಿ ಕಂಪನಿಯ ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರು. ನಾವಿರುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ. ಇದು ತಯಾರಾದ ಆಬಿಂಗ್ಡನ್ ಇಲ್ಲಿಂದ ದೂರವೇನಲ್ಲ. 1962ರಿಂದ 1980ರವರೆಗೆ ಅಲ್ಲಿ 5 ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ತಯಾರಾದವು. ನಮ್ಮ ಕಡೆ ಅಂಬಾಸಿಡರ್ ಬಿಚ್ಚಿ ಗೊತ್ತಿರುವವರು ಇದರ ಬಾನೆಟ್ ಎತ್ತಿದರೆ ಗುರುತು ಹಿಡಿಯುತ್ತಾರೆ. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಇದರ 1798 ಸಿಸಿ ಎಂಜಿನ್, ಎರಡೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್. ಅದೇ ಪಾಯಿಂಟ್ (ಇಗ್ನಿಷನ್ ಕರೆಂಟನ್ನು ಕೂಡಿಸಿ ಕಡಿಯುವ ಸಣ್ಣ ಸ್ವಿಚ್), ಪಾಯಿಂಟ್ ಸುಡದಂತೆ ಕಾಯುವ ಅದೇ ಕಂಡೆನ್ಸರ್, ಸಿಲಿಂಡರ್‌ಗಳು ಉರಿಯುವ ಸರದಿಯೂ ಅದೇ 1-3-4-2.

ಹತ್ತಿರದ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಬದಲಿಸಿ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಪೆಟ್ರೋಲ್ ಸಾಲದಿದ್ದರೆ ಪೂರ್ತಿ ಒತ್ತಿದಾಗಲೇ ತಾನೆ ಎಂಜಿನ್ ಸೋಲಬೇಕು? ಇಲ್ಲಿ ಪೂರಾ ಉಲ್ಟಾ. ತೊಂದರೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅನ್ನುವುದನ್ನು ಒಂದು ಕಾಗದದಲ್ಲಿ ಬರೆದುಕೊಂಡೆ. ಸ್ಪ್ಯಾನರ್ ಹಿಡಿಯುವ ಮೊದಲು ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಹಳೇ ಗಾಡಿಗೆ ಒಂದೊಂದೇ ಹೊಸ ಪಾರ್ಟ್ ಹಾಕುತ್ತಾ ಹೋಗುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಈಗ ಸಿಗುವ ರೋಟರ್, ಕಂಡೆನ್ಸರ್‌ಗಳಲ್ಲಿ ಕಳಪೆ ಮಾಲು ಬಹಳ. ಇರುವ ತೊಂದರೆಯ ಜೊತೆ ಇನ್ನೊಂದು ಸೇರಿಕೊಂಡರೆ ಯಾವುದು ಯಾವುದು ಅಂತ ಬಿಡಿಸುವುದೇ ಕಷ್ಟ.

ಮೊದಲ ಸುಳಿವು ಕೊಟ್ಟಿದ್ದು ಟ್ಯಾಕೋಮೀಟರ್, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್. ಈ ವರ್ಷದ ಎಂಜಿಬಿಯಲ್ಲಿ ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ (ಸ್ಪಾರ್ಕಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಭಾಗ) ಹೋಗುವ ಬಿಳಿ ವೈರು ಟ್ಯಾಕೋಮೀಟರ್ ಮೂಲಕವೇ ಹಾದುಹೋಗುತ್ತದೆ. ಕಾಯಿಲ್‌ನ ಪ್ರೈಮರಿಯಲ್ಲಿ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಸುತ್ತಿನಲ್ಲಿ, ಕರೆಂಟ್ ಬಂದು ನಿಂತು ಬಂದು ನಿಂತು ಮಾಡುವುದನ್ನೇ ಅದು ಎಣಿಸುವುದು. ಗಾಡಿ ಗೇರಿನಲ್ಲಿ ಓಡುತ್ತಿರುವಾಗ ಎಂಜಿನ್ ಸತ್ತರೂ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ಮುಳ್ಳು ಅಲ್ಲೇ ನಿಂತಿದ್ದರೆ ತೊಂದರೆ ಪೆಟ್ರೋಲಿನದು, ಇಲ್ಲವೇ ಸ್ಪಾರ್ಕನ್ನು ಪ್ಲಗ್‌ಗಳಿಗೆ ಹಂಚುವ ರೋಟರ್, ಕ್ಯಾಪ್, ಪ್ಲಗ್ ವೈರುಗಳ ಕಡೆಯದು. ಮುಳ್ಳು ಪಟ್ಟನೆ ಸೊನ್ನೆಗೆ ಬಿದ್ದರೆ ಪ್ರೈಮರಿ ಸರ್ಕ್ಯೂಟ್ ಕಡಿಯುತ್ತಿದೆ ಅಂತ ಅರ್ಥ. ನನ್ನ ಗಾಡಿಯಲ್ಲಿ ಪ್ರತಿ ಜಗ್ಗಿಗೂ ಮುಳ್ಳು ಬೀಳುತ್ತಿತ್ತು. ಪಂಪ್, ಪ್ಲಗ್, ರೋಟರ್ ಎಲ್ಲ ಅಲ್ಲಿಗೇ ಪಟ್ಟಿಯಿಂದ ಹೊರಗೆ.

ಉಳಿದದ್ದು ಸ್ವಿಚ್, ಬಿಳಿ ವೈರು, ಟ್ಯಾಕೋಮೀಟರಿನ ಜೋಡಣೆ, ಕಾಯಿಲ್ ಮತ್ತು ಪಾಯಿಂಟ್ ಒಳಗಿರುವ ಡಿಸ್ಟ್ರಿಬ್ಯೂಟರ್. ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ಇರುವ ಒಂದು ವೈರನ್ನು ನೇರವಾಗಿ ಕಾಯಿಲ್ ಪಾಸಿಟಿವ್‌ಗೆ ಕೊಟ್ಟು, ಬಿಳಿ ವೈರು ಬಿಚ್ಚಿ ಟೇಪ್ ಸುತ್ತಿ ಓಡಿಸಿದೆ. ಜಗ್ಗು ಹಾಗೇ ಇತ್ತು. ಅಂದರೆ ಸ್ವಿಚ್ಚಿನಿಂದ ಕಾಯಿಲ್‌ವರೆಗಿನ ದಾರಿಯಲ್ಲಿ ತಪ್ಪಿಲ್ಲ. (ಹೀಗೆ ಮಾಡಿದಾಗ ಕೀಲಿ ತಿರುಗಿಸಿದರೂ ಎಂಜಿನ್ ಆಫ್ ಆಗುವುದಿಲ್ಲ. ಆ ವೈರನ್ನು ಕಿತ್ತರೇ ನಿಲ್ಲುವುದು. ನೆನಪಿರಲಿ.) ಕಾಯಿಲ್ ಬಿಸಿಯಿದ್ದಾಗಲೇ ಪ್ರೈಮರಿ ಅಳೆದೆ, 3 ಓಮ್ ಆಸುಪಾಸು. 12 ವೋಲ್ಟ್ ಕಾಯಿಲ್‌ಗೆ ಅದು ಸರಿಯಾದ ಲೆಕ್ಕ.

ಈಗ ಕಾಗದದ ಮೇಲೆ ಬರೆದಿದ್ದನ್ನು ಮತ್ತೆ ನೋಡಿದೆ. ಐಡ್ಲಿಂಗ್‌ನಲ್ಲಿ ಸರಿ, ಪೂರ್ತಿ ಒತ್ತಿದರೆ ಸರಿ, ಹಗುರಾಗಿ ಒತ್ತಿದಾಗ ಮಾತ್ರ ತೊಂದರೆ. ಇದೇ ರೀತಿ ವರ್ತಿಸುವ ಭಾಗ ಒಂದಿದೆ: ವ್ಯಾಕ್ಯೂಮ್ ಅಡ್ವಾನ್ಸ್. ನನ್ನ ಗಾಡಿಯಲ್ಲಿ ಅದರ ಸಣ್ಣ ಪೈಪ್ ಕಾರ್ಬ್ಯುರೇಟರ್‌ನಿಂದ ಬರುತ್ತದೆ. ಐಡ್ಲಿಂಗ್‌ನಲ್ಲಿ ಅಲ್ಲಿ ಗಾಳಿಯ ಎಳೆತ ಇಲ್ಲ. ಥ್ರಾಟಲ್ ಸ್ವಲ್ಪ ತೆರೆದಾಗ ಎಳೆತ ಬರುತ್ತದೆ, ಪೂರ್ತಿ ತೆರೆದರೆ ಮತ್ತೆ ಬಿದ್ದುಹೋಗುತ್ತದೆ. ಎಳೆತ ಇದ್ದಾಗ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ತಿರುಗಿ, ಸ್ಪಾರ್ಕ್ ಬೇಗ ಬರುವಂತೆ ಮಾಡುತ್ತದೆ. ಪೈಪ್ ಕಳಚಿ, ಕಾರ್ಬ್ಯುರೇಟರ್ ಕಡೆಯ ಬಾಯಿ ಮುಚ್ಚಿ, ವಾಂಟೇಜ್‌ನಿಂದ ಫ್ಯಾರಿಂಗ್ಡನ್‌ವರೆಗೆ ಓಡಿಸಿದೆ. ಒಂದು ಜಗ್ಗೂ ಇಲ್ಲ! ಪೈಪ್ ಮತ್ತೆ ಸಿಕ್ಕಿಸಿದೆ, ಜಗ್ಗು ವಾಪಸ್ ಬಂತು. ಆ ಹೊತ್ತಿನ ಖುಷಿಯೇ ಬೇರೆ. ಇನ್ನೂ ಏನೂ ರಿಪೇರಿಯಾಗಿಲ್ಲ, ಆದರೆ ಕಳ್ಳ ಯಾವ ಕೋಣೆಯಲ್ಲಿದ್ದಾನೆ ಅಂತ ಗೊತ್ತಾಯಿತು.

ಕೆಲವರು ಇಲ್ಲಿಗೇ ನಿಲ್ಲಿಸಿ ಪೈಪ್ ಕಳಚಿಯೇ ಓಡಿಸುತ್ತಾರೆ. ನಾನು ಹಾಗೆ ಬಿಡುವುದಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮತ್ತೆ ತಪ್ಪು ಅಲ್ಲೇ ಕೂತಿರುತ್ತದೆ.

ಆಮೇಲೆ ಮೀಟರ್. ಕ್ಯಾಪ್, ರೋಟರ್ ತೆಗೆದು, ಗಾಡಿಯನ್ನು ನಾಲ್ಕನೇ ಗೇರಿನಲ್ಲಿ ನಿಧಾನ ತಳ್ಳಿ ಪಾಯಿಂಟ್ ಮುಚ್ಚಿಕೊಳ್ಳುವ ಜಾಗಕ್ಕೆ ತಂದೆ. ಇಗ್ನಿಷನ್ ಆನ್. ಈ ಸ್ಥಿತಿಯಲ್ಲಿ ಕಾಯಿಲ್‌ನಲ್ಲಿ ಸುಮಾರು 4 ಆಂಪಿಯರ್ ಹರಿಯುತ್ತಿರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಕಾಯಿಲ್ ಕಾಯುತ್ತದೆ, ಆದ್ದರಿಂದ ನೋಡುವುದನ್ನು ಬೇಗ ನೋಡಿ ಆಫ್ ಮಾಡಬೇಕು. ಎಲ್ಲರೂ ವೋಲ್ಟ್ ಮೀಟರಿನ ಪ್ರೋಬ್ (ವೈರಿನ ತುದಿಯ ಚೂಪು ಕಡ್ಡಿ) ಅನ್ನು ಕಾಯಿಲ್ ನೆಗೆಟಿವ್‌ಗೆ ಇಡುತ್ತಾರೆ. ಇಲ್ಲಿ ಅದು ಸಾಲದು. ತಟ್ಟೆ ತಿರುಗಿದಾಗ ಪಾಯಿಂಟ್ ತಾನಾಗಿಯೇ ತೆರೆದುಕೊಳ್ಳಬಹುದು, ಆಗ ಕಾಯಿಲ್ ನೆಗೆಟಿವ್‌ನಲ್ಲಿ 12 ವೋಲ್ಟ್ ಕಂಡರೆ ಅದು ತಪ್ಪೇನಲ್ಲ. ಹಾಗಾಗಿ ಒಂದು ಪ್ರೋಬ್ ಪಾಯಿಂಟ್ ತಟ್ಟೆಯ ಲೋಹದ ಮೇಲೆ, ಇನ್ನೊಂದು ಬ್ಯಾಟರಿ ನೆಗೆಟಿವ್ ಮೇಲೆ. ಪಾಯಿಂಟ್ ತೆರೆದಿರಲಿ ಮುಚ್ಚಿರಲಿ, ತಟ್ಟೆಯ ಮೇಲೆ ವೋಲ್ಟೇಜ್ ಇರಕೂಡದು, ಏಕೆಂದರೆ ತಟ್ಟೆಯೇ ಅರ್ಥ್, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ.

ನನ್ನ ಎರಡೂ ಕೈ ಪ್ರೋಬ್ ಮೇಲೆ, ಬಾಯಲ್ಲಿ ವ್ಯಾಕ್ಯೂಮ್ ಪೈಪ್. ಮೀಟರ್ ಹಿಡಿದಿದ್ದು ನನ್ನ ಹೆಂಡತಿ. ಮೊದಲು 0.03. ಬಾಯಿಂದ ಎಳೆದೆ, ತಟ್ಟೆ ಕೂದಲೆಳೆಯಷ್ಟು ತಿರುಗಿತು.

"ರೀ, ಮೂರಕ್ಕೆ ಹೋಯ್ತು... ಹನ್ನೆರಡು! ಹನ್ನೆರಡಾಯ್ತು ನೋಡ್ರೀ!"

ಪೈಪ್ ಬಿಟ್ಟೆ, ಮತ್ತೆ 0.03.

ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್‌ನಲ್ಲಿ ತಿರುಗುವ ತಟ್ಟೆಯಿಂದ ಹೊರಗಿನ ದೇಹಕ್ಕೆ ಬೆರಳುದ್ದದ ಒಂದು ಅರ್ಥ್ ವೈರು ಇರುತ್ತದೆ. ತೀರಾ ಸಣ್ಣ ಎಳೆಗಳು, ಮೇಲೆ ನೂಲಿನ ಹೊದಿಕೆ. ಮೇಲ್ನೋಟಕ್ಕೆ ನನ್ನದು ಚೆನ್ನಾಗೇ ಇತ್ತು. ಪಾಯಿಂಟ್ ಕಡೆಯ ತುದಿಯನ್ನು ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹೊದಿಕೆ ರಬ್ಬರಿನಂತೆ ಹಿಗ್ಗಿತು. ಒಳಗೆ ತಾಮ್ರ ಪೂರ್ತಿ ತುಂಡಾಗಿತ್ತು. ಅಷ್ಟು ದಿನ ತಟ್ಟೆಗೆ ಅರ್ಥ್ ಸಿಗುತ್ತಿದ್ದದ್ದು ಕೆಳಗಿನ ತಟ್ಟೆಯ ಮೇಲೆ ಉಜ್ಜಿಕೊಂಡೇ. ಅವೆರಡರ ನಡುವೆ ಹಳೇ ಗ್ರೀಸು. ತಟ್ಟೆ ತಿರುಗಿ ಗ್ರೀಸಿನ ಜಾಗಕ್ಕೆ ಬಂದ ಕೂಡಲೇ ಅರ್ಥ್ ಮಾಯ, ಸ್ಪಾರ್ಕ್ ಮಾಯ. ಎಂಜಿನ್ ಸತ್ತರೆ ಎಳೆತ ಬದಲಾಗಿ ತಟ್ಟೆ ಅಲುಗುತ್ತದೆ, ಸ್ಪಾರ್ಕ್ ವಾಪಸ್. ಜಗ್ಗಿನ ಪೂರ್ತಿ ಕಥೆ ಇಷ್ಟೇ.

ಇಂಥ ಕಡೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಬಿಡಿ ಅನ್ನುವವರು ಬಹಳ. ಕಿಟ್ ಒಳ್ಳೆಯದೇ. ಆದರೆ ಹಲವು ಕಿಟ್‌ಗಳು ಇದೇ ತಟ್ಟೆಯ ಮೇಲೆ ಕೂತು ಇದೇ ತಟ್ಟೆಯಿಂದ ಅರ್ಥ್ ತಗೊಳ್ಳುತ್ತವೆ. ದುಡ್ಡು ಸುರಿದ ಮೇಲೂ ಗಾಡಿ ಜಗ್ಗುತ್ತಲೇ ಇರುತ್ತಿತ್ತು.

ರಿಪೇರಿಯಲ್ಲಿ ಹೇಳುವಂಥದ್ದು ವೈರಿನ ಬಗ್ಗೆ ಮಾತ್ರ. ಮಾಮೂಲಿ ವೈರು ಹಾಕಬಾರದು, ಗಡುಸಾದ್ದು ತಟ್ಟೆಯನ್ನು ತಿರುಗಲು ಬಿಡುವುದಿಲ್ಲ, ಬೇಗ ಮುರಿಯುತ್ತದೆ ಕೂಡ. ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ ವೈರು ತಗೊಂಡೆ. ತುದಿಗಳನ್ನು ಬೆಸುಗೆ ಹಾಕದೆ ಕ್ರಿಂಪ್ ಮಾಡಿದೆ, ಅಂದರೆ ಲೋಹದ ತುದಿಯನ್ನು ಒತ್ತಿ ಬಿಗಿದೆ. ಬೆಸುಗೆ ಎಳೆಗಳೊಳಗೆ ಹರಿದು ಗಟ್ಟಿಯಾದರೆ, ಅದು ಮುಗಿಯುವ ಜಾಗದಲ್ಲೇ ವೈರು ಮುರಿಯುವುದು. ಪಾಯಿಂಟ್ ತೆರೆಯುವ ಕ್ಯಾಮ್‌ಗೆ, ರೋಟರ್‌ಗೆ ತಾಗದಂತೆ ಸ್ವಲ್ಪ ಬಳುಕು ಬಿಟ್ಟು ಕೂರಿಸಿದೆ. ತಟ್ಟೆಗಳ ನಡುವಿನ ಗ್ರೀಸು ಒರೆಸಿ, ಪಾಯಿಂಟ್ ಗ್ಯಾಪ್ 0.015 ಇಂಚಿಗೆ ಇಟ್ಟು, ವ್ಯಾಕ್ಯೂಮ್ ಪೈಪ್ ಕಳಚಿ ಟೈಮಿಂಗ್ ನೋಡಿ, ಪೈಪ್ ವಾಪಸ್ ಹಾಕಿದೆ. ಮೀಟರಿನ ಪರೀಕ್ಷೆ ಇನ್ನೊಮ್ಮೆ: ಎಷ್ಟು ಎಳೆದರೂ 0.02ರ ಮೇಲೆ ಏರಲಿಲ್ಲ. ಬಿಳಿ ಕುದುರೆಯ ಗುಡ್ಡದ (ವೈಟ್ ಹಾರ್ಸ್ ಹಿಲ್) ಕೆಳಗಿನ ಬಿ-4507 ರಸ್ತೆಯಲ್ಲಿ ಹೋಗಿಬಂದೆವು, ಕಾಲು ಹಗುರಾಗಿ ಇಟ್ಟು, ಬೇಕಂತಲೇ. ಟ್ಯಾಕೋಮೀಟರಿನ ಮುಳ್ಳು ಒಮ್ಮೆಯೂ ಬೀಳಲಿಲ್ಲ.

ನಿಮ್ಮ ಹತ್ತಿರ ಪಾಯಿಂಟ್ ಇರುವ ಹಳೇ ಗಾಡಿ ಇದ್ದರೆ, ಮುಂದಿನ ಸಲ ಪಾಯಿಂಟ್ ಬದಲಿಸುವಾಗ ಒಳಗಿನ ಎರಡು ಪುಟ್ಟ ವೈರುಗಳನ್ನೂ ಚಿಮಟದಲ್ಲಿ ಎಳೆದು ನೋಡಿ: ಒಂದು ಈ ಅರ್ಥ್ ವೈರು, ಇನ್ನೊಂದು ಕಾಯಿಲ್‌ನಿಂದ ಬಂದ ಕರೆಂಟನ್ನು ಪಾಯಿಂಟಿಗೆ ಒಯ್ಯುವ ವೈರು. ಎರಡೂ ತಟ್ಟೆಯ ಜೊತೆ ದಿನವಿಡೀ ಅಲುಗುತ್ತಲೇ ಇರುತ್ತವೆ. ಹೊದಿಕೆ ಹಿಗ್ಗಿದರೆ ತಕ್ಷಣ ಬದಲಿಸಿ.