ಸಣ್ಣಕಣ್ಣಿನ ತೊರಕೆ ಕಂಡರೆ ಫೋಟೊ ಹೀಗೆ ತೆಗೆಯಿರಿ

ಮೊಜಾಂಬಿಕ್‌ನ ಕಡಲೂರು ತೋಫೊದಲ್ಲಿ ಡೈವಿಂಗ್ ಮಾಡುವವರು ಹುಡುಕುವುದು ಮಾಂಟಾ ಎಂಬ ದೊಡ್ಡ ತೊರಕೆಗಳನ್ನು, ವೇಲ್ ಶಾರ್ಕ್‌ಗಳನ್ನು. ಅದೇ ನೀರಿನಲ್ಲಿ ಎರಡು ಮೀಟರಿಗೂ ಜಾಸ್ತಿ ಅಗಲ ಬೆಳೆಯುವ ಇನ್ನೊಂದು ತೊರಕೆ ಮೀನಿದೆ: ಸಣ್ಣಕಣ್ಣಿನ ತೊರಕೆ, ವೈಜ್ಞಾನಿಕ ಹೆಸರು ಮೆಗಾಟ್ರೈಗಾನ್ ಮೈಕ್ರಾಪ್ಸ್. 1908ರಲ್ಲೇ ಇದಕ್ಕೆ ಹೆಸರಿಟ್ಟರೂ ಇದರ ಬದುಕಿನ ಬಗ್ಗೆ ಗೊತ್ತಿರುವುದು ತೀರಾ ಕಮ್ಮಿ. ಗೊತ್ತಾದದ್ದರಲ್ಲಿ ಡೈವರ್‌ಗಳ ಫೋಟೊಗಳ ಪಾಲು ದೊಡ್ಡದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗುರುತಿಸುವುದು ಕಷ್ಟವಲ್ಲ. ಅಷ್ಟು ದೊಡ್ಡ ಮೈಗೆ ಚಿಕ್ಕ ಚಿಕ್ಕ ಕಣ್ಣು, ಬುಡದಲ್ಲಿ ಅಗಲವಾಗಿ ಚಪ್ಪಟೆಯಾದ ಬಾಲ, ಬೆನ್ನ ಮೇಲೆ ಬಿಳಿ ಚುಕ್ಕೆಗಳು. ಈ ಚುಕ್ಕೆಗಳೇ ಮುಖ್ಯ. ಒಂದು ಮೀನಿನ ಚುಕ್ಕೆಗಳ ಜೋಡಣೆ ಇನ್ನೊಂದಕ್ಕೆ ಇರುವುದಿಲ್ಲ. ಹೀಗೆ ಹೋಲಿಸಿಯೇ ಸಂಶೋಧಕರು 15 ವರ್ಷಗಳ ಫೋಟೊಗಳಿಂದ 70 ಮೀನುಗಳನ್ನು ಬೇರೆ ಬೇರೆ ಗುರುತಿಸಿದರು. ಅವುಗಳಲ್ಲಿ ಒಂದು ತೋಫೊದಿಂದ ಬಜರೂಟೊ ದ್ವೀಪಗಳವರೆಗೆ ಹೋಗಿ ವಾಪಸ್ ಬಂದಿತ್ತು, ಒಟ್ಟು ಸುಮಾರು 400 ಕಿ.ಮೀ.! ಮೈಗೆ ಗುರುತಿನ ಟ್ಯಾಗ್ ಚುಚ್ಚದೆ, ಬರೀ ಫೋಟೊ ನೋಡಿ ಇಷ್ಟು ತಿಳಿಯಿತು.

ಮೀನು ಕಂಡ ಕೂಡಲೇ ಬೆನ್ನಟ್ಟಬೇಡಿ. ಅದು ಹೆದರಿ ಓಡಿದರೆ ನಿಮಗೆ ಸಿಗುವುದು ಬಾಲದ ಫೋಟೊ ಮಾತ್ರ. ಬಾಲದಲ್ಲಿ ವಿಷದ ಮುಳ್ಳೂ ಇರುತ್ತದೆ, ಹಿಂದಿನಿಂದ ಹೋಗಲೇಬೇಡಿ. ಇದ್ದಲ್ಲೇ ನಿಲ್ಲಿ, ಉಸಿರು ನಿಧಾನ ಮಾಡಿ, ಅದು ಹತ್ತಿರ ಬಂದರೆ ಪಕ್ಕದಿಂದ ಸ್ವಲ್ಪ ಮೇಲಕ್ಕೆ ಹೋಗಿ ಇಡೀ ಬೆನ್ನು ಚೌಕಟ್ಟಿನಲ್ಲಿ ಬರುವಂತೆ ತೆಗೆಯಿರಿ. ಒಂದೇ ಅಲ್ಲ, ನಾಲ್ಕೈದು ತೆಗೆಯಿರಿ. ಓರೆಯಾದರೆ ಚುಕ್ಕೆಗಳ ನಡುವಿನ ಅಂತರವೇ ತಪ್ಪಿಹೋಗುತ್ತದೆ. ಕೈಯಿಂದ ಮುಟ್ಟುವುದಂತೂ ಬೇಡ.

ಆಮೇಲೆ ಸಾಧ್ಯವಾದರೆ ಬಾಲದ ಬುಡ ನೋಡಿ. ಎರಡು ಬೆರಳಿನಂಥ ಅಂಗ ಕಂಡರೆ ಗಂಡು. ಹೊಟ್ಟೆ ಉಬ್ಬಿದ ಹೆಣ್ಣಾದರೆ ಬಸುರಿಯಾಗಿರಬಹುದು, ಅದನ್ನೂ ಬರೆದಿಡಿ. ಇವು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತವೆ. ಹಾಕುವ ಮರಿಗಳೂ ಕಮ್ಮಿ, ಹಾಗಾಗಿ ಬಲೆಗೆ ಬಿದ್ದ ಒಂದೊಂದು ಹೆಣ್ಣೂ ದೊಡ್ಡ ನಷ್ಟವೇ ಅಲ್ವಾ?

ಮೇಲೆ ಬಂದ ಮೇಲೆ ದಿನಾಂಕ, ಜಾಗ, ಆಳ ಮರೆಯುವ ಮುಂಚೆ ಬರೆಯಿರಿ. ಫೋಟೊವನ್ನು ಎಡ-ಬಲ ತಿರುಗಿಸಬೇಡಿ, ಚುಕ್ಕೆಗಳು ಅದಲುಬದಲಾಗಿ ಬೇರೆ ಮೀನೇ ಎನಿಸಿಬಿಡುತ್ತದೆ. ಮೈಮೇಲೆ ಬಲೆಯ ಗಾಯ, ಸಿಕ್ಕಿಕೊಂಡ ಗಾಳ ಇದ್ದರೆ ಅದರ ಫೋಟೊ ಬೇರೆಯಾಗಿ ಸೇರಿಸಿ, ಎಲ್ಲವನ್ನೂ ದೊಡ್ಡ ಕಡಲಜೀವಿಗಳ ಸಂಶೋಧನೆ ಮಾಡುವ ಮರೀನ್ ಮೆಗಾಫೌನಾ ಫೌಂಡೇಶನ್‌ಗೆ ಕಳಿಸಿ.